ಫ್ಯಾನು ಸಿದ್ಧ, ಲೈನಿಲ್ಲ: ಕೆನ್ಯಾದ ತುರ್ಕಾನಾ ಪವನ ವಿದ್ಯುತ್ ಯೋಜನೆಯಲ್ಲಿ ರಫ್ತು ಸಾಲ ನಡೆದ ಬಗೆ

2017ರ ಮಾರ್ಚ್ ತಿಂಗಳಲ್ಲಿ ಉತ್ತರ ಕೆನ್ಯಾದ ಮಾರ್ಸಬಿಟ್ ಕೌಂಟಿಯಲ್ಲಿ ಕೊನೆಯ ಗಾಳಿಯಂತ್ರ ಎದ್ದು ನಿಂತಿತು. ಒಟ್ಟು 365 ಯಂತ್ರಗಳು, ಸಾಮರ್ಥ್ಯ 310 ಮೆಗಾವ್ಯಾಟ್. ಕೆಲಸ ಹೇಳಿದ ಗಡುವಿಗೆ ಮುಂಚೆಯೇ ಮುಗಿದಿತ್ತು. ಆದರೆ ಅಲ್ಲಿಂದ ಒಂದೂವರೆ ವರ್ಷ, 2018ರ ಸೆಪ್ಟೆಂಬರ್‌ವರೆಗೆ, ಅವುಗಳಿಂದ ಒಂದು ಯೂನಿಟ್ ಕರೆಂಟೂ ಜನರಿಗೆ ಮುಟ್ಟಲಿಲ್ಲ. ಕರೆಂಟನ್ನು ಒಯ್ಯಬೇಕಾದ ಲೈನು ಮುಗಿದಿರಲಿಲ್ಲ.

ಇಂಧನ ಪರಿವರ್ತನೆಯ ಕಾಲದಲ್ಲಿ ಶ್ರೀಮಂತ ದೇಶಗಳು ತಮ್ಮ ಕಂಪನಿಗಳ ತಂತ್ರಜ್ಞಾನವನ್ನು ಹೊರದೇಶಕ್ಕೆ ಮಾರಲು ಹೇಗೆ ಹಣ ಹೊಂದಿಸಿಕೊಡುತ್ತವೆ, ಆ ಹಣದ ವ್ಯವಸ್ಥೆ ಯಾರನ್ನು ಕಾಯುತ್ತದೆ, ಯಾರನ್ನು ಕಾಯುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದು ಸಿಗುವುದು ಕಷ್ಟ. ಇಲ್ಲಿ ಒಂದೇ ಯೋಜನೆಯಲ್ಲಿ ಎರಡು ದೇಶಗಳ ರಫ್ತು ಹಣ ಹರಿದಿತ್ತು. ಯಂತ್ರದ ಬೆನ್ನಿಗೆ ಡೆನ್ಮಾರ್ಕ್ ಇತ್ತು, ಲೈನಿನ ಬೆನ್ನಿಗೆ ಸ್ಪೇನ್. ಮೊದಲನೆಯದು ಗೆದ್ದಿತು, ಎರಡನೆಯದು ಮುರಿದು ಬಿತ್ತು. ನಡುವಿನ ನಷ್ಟ ಬಿದ್ದದ್ದು ಕೆನ್ಯಾದ ಖಜಾನೆಯ ಮೇಲೆ, ವಿದ್ಯುತ್ ಬಿಲ್ ಕಟ್ಟುವವರ ಮೇಲೆ.

ಜಾಗ ಮತ್ತು ಯಂತ್ರ

ತುರ್ಕಾನಾ ಸರೋವರದ ಆಗ್ನೇಯ ಅಂಚಿನಲ್ಲಿ, ಲೊಯಾಂಗಲಾನಿಯ ಹತ್ತಿರ, ಇಥಿಯೋಪಿಯದ ಎತ್ತರದ ಸೀಮೆ ಮತ್ತು ಪೂರ್ವ ಆಫ್ರಿಕದ ಎತ್ತರದ ಸೀಮೆಗಳ ನಡುವೆ ಒಂದು ಕಣಿವೆದಾರಿ ಇದೆ. ಆಗ್ನೇಯದಿಂದ ಬರುವ ಗಾಳಿ ಇಲ್ಲಿ ಇಕ್ಕಟ್ಟಿಗೆ ಸಿಕ್ಕಿ ವೇಗ ಪಡೆಯುತ್ತದೆ. ಸರಾಸರಿ ವೇಗ ಸೆಕೆಂಡಿಗೆ 11 ಮೀಟರ್ ಆಸುಪಾಸು. ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ ಮುಂಗಾರಿನ ತಿಂಗಳುಗಳಲ್ಲಿ ಜೋರು, ಉಳಿದ ಕಾಲ ಸಪ್ಪೆ. ತುರ್ಕಾನಾದಲ್ಲಿ ಹಾಗಲ್ಲ, ಹೆಚ್ಚುಕಡಿಮೆ ವರ್ಷವಿಡೀ ಬೀಸುತ್ತದೆ. ಯೋಜನೆಯವರು ವರ್ಷಕ್ಕೆ ಸುಮಾರು 168 ಕೋಟಿ ಯೂನಿಟ್ ಉತ್ಪಾದನೆಯ ಲೆಕ್ಕ ಹಾಕಿದ್ದರು. ಅಂದರೆ ಸಾಮರ್ಥ್ಯದ ಶೇ. 62ರಷ್ಟು ಬಳಕೆ. ನೆಲದ ಮೇಲಿನ ಗಾಳಿ ಸ್ಥಾವರಕ್ಕೆ ಇದು ಅಪರೂಪದ ಅಂಕಿ.

ಯಂತ್ರ ಡೆನ್ಮಾರ್ಕಿನ ವೆಸ್ಟಾಸ್ ಕಂಪನಿಯ ವಿ52. ತಲಾ 850 ಕಿಲೋವ್ಯಾಟ್, ರೆಕ್ಕೆಗಳ ವೃತ್ತದ ವ್ಯಾಸ 52 ಮೀಟರ್, ಗೋಪುರದ ಎತ್ತರ 44 ಮೀಟರ್. 2014ರಲ್ಲಿ 3 ಮೆಗಾವ್ಯಾಟಿನ ಯಂತ್ರಗಳು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿದ್ದವು. ನೂರು ದೊಡ್ಡ ಯಂತ್ರ ಹಾಕುವುದು ಬಿಟ್ಟು 365 ಸಣ್ಣ ಯಂತ್ರ ಹಾಕಿದ್ದೇಕೆ ಎಂದು ಹಲವರು ಕೇಳುತ್ತಾರೆ. ಉತ್ತರ ರಸ್ತೆಯಲ್ಲಿದೆ. ಮೊಂಬಾಸಾ ಬಂದರಿನಿಂದ ಜಾಗಕ್ಕೆ ಸುಮಾರು 1,200 ಕಿ.ಮೀ. ಕೊನೆಯ ಭಾಗ ಲೈಸಾಮಿಸ್‌ನಿಂದ ಸ್ಥಾವರದವರೆಗಿನ 208 ಕಿ.ಮೀ. ಕಚ್ಚಾ ದಾರಿ. 3 ಮೆಗಾವ್ಯಾಟ್ ಯಂತ್ರದ ರೆಕ್ಕೆ 55 ಮೀಟರ್ ಹತ್ತಿರ ಬರುತ್ತದೆ, ವಿ52ರದ್ದು ಸುಮಾರು 25 ಮೀಟರ್. ಒಟ್ಟು 1,095 ರೆಕ್ಕೆಗಳು ಆ ತಿರುವುಗಳಲ್ಲಿ ಸಾಗಬೇಕಿತ್ತು. ದೊಡ್ಡ ಯಂತ್ರ ಎತ್ತಲು ಬೇಕಾದ ಭಾರಿ ಕ್ರೇನನ್ನು ಅಲ್ಲಿಗೆ ಮುಟ್ಟಿಸುವುದೂ ಕಷ್ಟ. ಜತೆಗೆ, ವಿ52 ಅತಿ ಜೋರು ಗಾಳಿಗೆಂದೇ ಪ್ರಮಾಣೀಕರಿಸಿದ ಗಟ್ಟಿ ಮಾದರಿ. ಕೆಲವು ಯಂತ್ರ ಕೆಟ್ಟು ನಿಂತರೂ ನಷ್ಟ ಸಣ್ಣದು. ಆ 208 ಕಿ.ಮೀ. ರಸ್ತೆಯನ್ನು ಯೋಜನೆಯ ಭಾಗವಾಗಿಯೇ ಡಚ್ ಸರ್ಕಾರದ ನೆರವು ಸೇರಿಸಿ ಸರಿಪಡಿಸಿದರು. ರಸ್ತೆ ಯೋಜನೆಯ ಒಳಗಿತ್ತು, ಲೈನು ಹೊರಗಿತ್ತು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು.

ಖಾತರಿ ಕೆಲಸ ಮಾಡುವ ರೀತಿ

ಯೋಜನೆಯ ಒಟ್ಟು ವೆಚ್ಚ 62.3 ಕೋಟಿ ಯೂರೊ. ಇದರಲ್ಲಿ ಹೆಚ್ಚಿನ ಪಾಲು ಸಾಲ. ಸಾಲ ಪಡೆದದ್ದು ವೆಸ್ಟಾಸ್ ಅಲ್ಲ, ಕೆನ್ಯಾ ಸರ್ಕಾರವೂ ಅಲ್ಲ. ಈ ಸ್ಥಾವರಕ್ಕೆಂದೇ ಹುಟ್ಟಿಸಿದ ಲೇಕ್ ತುರ್ಕಾನಾ ವಿಂಡ್ ಪವರ್ ಎಂಬ ಕಂಪನಿ. ಈ ಕಂಪನಿಗೆ ಆಸ್ತಿ ಎಂದರೆ ಮುಂದೆ ನಿಲ್ಲಲಿರುವ ಯಂತ್ರಗಳು, ಆದಾಯ ಎಂದರೆ ದೇಶದ ವಿದ್ಯುತ್ ವಿತರಣಾ ಕಂಪನಿಯಾದ ಕೆನ್ಯಾ ಪವರ್ ಜತೆಗಿನ 20 ವರ್ಷದ ಖರೀದಿ ಒಪ್ಪಂದ, ಅಷ್ಟೆ. ಇಂಥ ಕಂಪನಿಗೆ 15 ವರ್ಷಕ್ಕೂ ಮೀರಿದ ಸಾಲ ಕೊಡಲು ಸಾಮಾನ್ಯ ಬ್ಯಾಂಕು ಹಿಂಜರಿಯುತ್ತದೆ. ಅಲ್ಲಿಗೆ ರಫ್ತು ಸಾಲ ಸಂಸ್ಥೆ ಬರುತ್ತದೆ.

ಡೆನ್ಮಾರ್ಕಿನದ್ದು 1922ರಿಂದ ಇರುವ ಇಕೆಎಫ್. 2023ರಲ್ಲಿ ಇನ್ನೆರಡು ಸಂಸ್ಥೆಗಳ ಜತೆ ಸೇರಿ ಈಗ ಇಐಎಫ್‌ಒ ಆಗಿದೆ. ನಮ್ಮಲ್ಲಿ ರಫ್ತುದಾರರಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿ ಮಾಡುವ ಕೆಲಸಕ್ಕೆ ಇದು ಹತ್ತಿರದ್ದು. ಡೆನ್ಮಾರ್ಕಿನಲ್ಲಿ ತಯಾರಾದ ಸರಕನ್ನು ಹೊರಗಿನವರು ಸಾಲ ಮಾಡಿ ಕೊಂಡರೆ, ಆ ಸಾಲಕ್ಕೆ ಇಕೆಎಫ್ ಖಾತರಿ ನಿಲ್ಲುತ್ತದೆ. ಸಾಲಗಾರ ಕಂತು ತಪ್ಪಿಸಿದರೆ, ಯುದ್ಧ ಅಥವಾ ಹಣ ವರ್ಗಾವಣೆಯ ನಿರ್ಬಂಧದಿಂದ ಕಂತು ನಿಂತರೆ, ಬ್ಯಾಂಕಿಗೆ ಡೆನ್ಮಾರ್ಕ್ ಸರ್ಕಾರದ ಬಲವಿರುವ ಸಂಸ್ಥೆ ಹಣ ಕೊಡುತ್ತದೆ. ಹಾಗಾಗಿ ಬ್ಯಾಂಕಿನ ಕಣ್ಣಿಗೆ ಆ ಭಾಗದ ಅಪಾಯ ಕೆನ್ಯಾದ್ದಲ್ಲ, ಡೆನ್ಮಾರ್ಕಿನದ್ದು. ಬಡ್ಡಿ ಇಳಿಯುತ್ತದೆ, ಅವಧಿ ಉದ್ದವಾಗುತ್ತದೆ.

ಇದು ದಾನವಲ್ಲ. ಖಾತರಿಗೆ ಪ್ರೀಮಿಯಂ ಇದೆ. ಸಾಲಗಾರನ ದೇಶದ ಅಪಾಯದ ದರ್ಜೆ, ಸಾಲದ ಅವಧಿ, ಖಾತರಿಯ ಪ್ರಮಾಣ ನೋಡಿ ಅದನ್ನು ಲೆಕ್ಕ ಹಾಕುತ್ತಾರೆ. ಅನೇಕ ಸಲ ಅದನ್ನು ಸಾಲಕ್ಕೇ ಸೇರಿಸಿಬಿಡುತ್ತಾರೆ. ದೇಶದೇಶಗಳ ನಡುವೆ ಅಗ್ಗದ ಸಾಲದ ಪೈಪೋಟಿ ಏಳದಂತೆ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಒಪ್ಪಂದದ ನಿಯಮಗಳಿವೆ. ಕೊಳ್ಳುವವರು ರಫ್ತು ಒಪ್ಪಂದದ ಮೊತ್ತದ ಕನಿಷ್ಠ ಶೇ. 15ನ್ನು ಮುಂಗಡ ಕೊಡಬೇಕು, ಖಾತರಿಯ ಸಾಲ ಉಳಿದ ಶೇ. 85ಕ್ಕೆ ಮಾತ್ರ. ನವೀಕರಿಸಬಹುದಾದ ಇಂಧನಕ್ಕೆ ಆಗ ಗರಿಷ್ಠ ಮರುಪಾವತಿ ಅವಧಿ 18 ವರ್ಷ ಇತ್ತು, 2023ರ ತಿದ್ದುಪಡಿಯಲ್ಲಿ ಅದು 22 ವರ್ಷಕ್ಕೆ ಏರಿತು. ಯೋಜನೆ ದೊಡ್ಡದಾಗಿ, ಪರಿಸರ ಮತ್ತು ಜನಜೀವನದ ಮೇಲೆ ಗಂಭೀರ ಪರಿಣಾಮ ಬೀರುವಂಥದ್ದಾದರೆ, ಖಾತರಿಗೆ ಕೊನೆಯ ಸಹಿ ಬೀಳುವ 30 ದಿನ ಮುಂಚೆಯಾದರೂ ಅದರ ಅಧ್ಯಯನ ವರದಿ ಜನರಿಗೆ ಸಿಗುವಂತಿರಬೇಕು.

ಸಾಲದ ಗುಂಪಿನ ಮುಂದಾಳು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್. ಸ್ಟ್ಯಾಂಡರ್ಡ್ ಬ್ಯಾಂಕ್, ನೆಡ್‌ಬ್ಯಾಂಕ್ ಜತೆಗೂಡಿದವು. ಯುರೋಪಿಯನ್ ಹೂಡಿಕೆ ಬ್ಯಾಂಕು, ಹಾಲೆಂಡಿನ ಎಫ್‌ಎಂಒ, ಫ್ರಾನ್ಸಿನ ಪ್ರೊಪಾರ್ಕೊ, ಜರ್ಮನಿಯ ಡಿಇಜಿ ಮೊದಲಾದ ಅಭಿವೃದ್ಧಿ ಹಣಕಾಸು ಸಂಸ್ಥೆಗಳು ಸಾಲ ಕೊಟ್ಟವು. ಬಂಡವಾಳದ ಕಡೆ ವೆಸ್ಟಾಸ್ ತಾನೇ ಶೇ. 12.5 ಪಾಲು ಹಾಕಿತು. ಇಂಥವೇ ಹೂಡಿಕೆ ಸಂಸ್ಥೆಗಳಾದ ಫಿನ್ಲೆಂಡಿನ ಫಿನ್‌ಫಂಡ್ ಶೇ. 12.5, ಡೆನ್ಮಾರ್ಕಿನ ಐಎಫ್‌ಯು ಶೇ. 6.25 ಹಾಕಿದವು. ಯುರೋಪಿಯನ್ ಒಕ್ಕೂಟದ ನಿಧಿಯಿಂದ 2.5 ಕೋಟಿ ಯೂರೊ ಆದ್ಯತಾ ಷೇರುಗಳ ರೂಪದಲ್ಲಿ ಬಂತು. ಸಾಲದ ಪತ್ರಗಳಿಗೆ 2014ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಎಲ್ಲ ಷರತ್ತು ಪೂರೈಸಿ ಹಣ ಹರಿಯಲು ಡಿಸೆಂಬರ್ ಆಯಿತು. ಸಹಿಯಿಂದ ಹಣಕ್ಕೆ ಒಂಬತ್ತು ತಿಂಗಳು ಎನ್ನುವುದು ಇಂಥ ವ್ಯವಹಾರದಲ್ಲಿ ತಡವೇನಲ್ಲ.

ವೆಸ್ಟಾಸ್ ಪಾಲು ಹಾಕಿದ್ದು ಮುಖ್ಯ ಸಂಗತಿ. ಮಾರುವವನೇ ಪಾಲುದಾರನಾದರೆ ಯಂತ್ರ ಚೆನ್ನಾಗಿ ನಡೆಯಲಿ ಎಂಬ ಕಾಳಜಿ ಅವನಿಗೂ ಇರುತ್ತದೆ ಎಂದು ಸಾಲ ಕೊಡುವವರು ನಂಬುತ್ತಾರೆ. ನಿರ್ವಹಣೆಯ ದೀರ್ಘಾವಧಿ ಒಪ್ಪಂದವೂ ವೆಸ್ಟಾಸ್‌ಗೇ ಇತ್ತು. ರಫ್ತಾದದ್ದು ಕಬ್ಬಿಣ ಮಾತ್ರವಲ್ಲ, ಅದನ್ನು ನಡೆಸುವ ಪರಿಣತಿಯೂ ಹೌದು. ಆದರೆ ಪಾಲುದಾರ ಉಳಿಯುವುದು ಕೆಲವು ವರ್ಷ. ವೆಸ್ಟಾಸ್ ತನ್ನ ಪಾಲನ್ನು ಗೂಗಲ್‌ಗೆ ಮಾರಲು 2015ರಲ್ಲಿ ಮಾತಾಡಿಕೊಂಡಿತ್ತು. ಲೈನು ತಡವಾಗಿದ್ದರಿಂದ ಅದು ಮುರಿದು ಬಿತ್ತು. ಕೊನೆಗೆ 2023ರಲ್ಲಿ ವೆಸ್ಟಾಸ್, ಫಿನ್‌ಫಂಡ್, ಐಎಫ್‌ಯು ಮೂವರ ಒಟ್ಟು ಶೇ. 31.25 ಪಾಲನ್ನು ಬ್ಲ್ಯಾಕ್‌ರಾಕ್ ನಡೆಸುವ ಹವಾಮಾನ ನಿಧಿ ಕೊಂಡಿತು.

ವಿಶ್ವಬ್ಯಾಂಕು ಹಿಂದೆ ಸರಿದದ್ದು

2012ರಲ್ಲಿ ವಿಶ್ವಬ್ಯಾಂಕು ಈ ಯೋಜನೆಯಿಂದ ಕೈ ತೆಗೆಯಿತು. ಅದರ ಆತಂಕ ಖರೀದಿ ಒಪ್ಪಂದದ 'ಟೇಕ್ ಆರ್ ಪೇ' ಷರತ್ತಿನ ಬಗ್ಗೆ. ಅಂದರೆ ಕರೆಂಟು ತೆಗೆದುಕೊಂಡರೂ ಹಣ, ತೆಗೆದುಕೊಳ್ಳದಿದ್ದರೂ ಹಣ. ಕೆನ್ಯಾದ ಬೇಡಿಕೆ ಅಷ್ಟು ಬೇಗ ಬೆಳೆಯದಿದ್ದರೆ ಕೆನ್ಯಾ ಪವರ್ ಬಳಸದ ಕರೆಂಟಿಗೆ ದುಡ್ಡು ತೆರಬೇಕಾಗುತ್ತದೆ ಎಂದು ಅದು ಹೇಳಿತು. ಈ ಎಚ್ಚರಿಕೆ ಸರಿಯಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಆದರೆ ಷರತ್ತನ್ನು ತೆಗೆದುಹಾಕಿದ್ದರೆ ಸಾಲವೇ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಗಾಳಿ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ, ಖರ್ಚೆಲ್ಲ ಮೊದಲೇ ಆಗಿಹೋಗಿರುತ್ತದೆ. ಕರೆಂಟು ಬೇಡವೆಂದು ನಿಲ್ಲಿಸಿದರೂ ಕಂತು ನಿಲ್ಲುವುದಿಲ್ಲ.

ವಿಶ್ವಬ್ಯಾಂಕಿನ ಜಾಗಕ್ಕೆ ಆಫ್ರಿಕನ್ ಅಭಿವೃದ್ಧಿ ನಿಧಿ ಬಂತು. ಅದು ಕೊಟ್ಟದ್ದು 2 ಕೋಟಿ ಯೂರೊ ಮೊತ್ತದ ಭಾಗಶಃ ಅಪಾಯ ಖಾತರಿ. ಇದು ನಿರ್ದಿಷ್ಟವಾಗಿ ಲೈನು ತಡವಾಗುವ ಅಪಾಯಕ್ಕೆ. ಹಾಗಾಗಿ ಲೈನು ತಡವಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಹೊಳೆದಿತ್ತು, ಅದಕ್ಕೊಂದು ಕಾಗದವೂ ತಯಾರಾಗಿತ್ತು. ಅಳತೆ ಮಾತ್ರ ತಪ್ಪಿತ್ತು. ಒಪ್ಪಂದದ ದರ ಯೂನಿಟ್ಟಿಗೆ 7.52 ಯೂರೊ ಸೆಂಟ್. 168 ಕೋಟಿ ಯೂನಿಟ್ಟಿಗೆ ವರ್ಷಕ್ಕೆ 12.6 ಕೋಟಿ ಯೂರೊ ಆಗುತ್ತದೆ. 2 ಕೋಟಿ ಯೂರೊ ಎಂದರೆ ಎರಡು ತಿಂಗಳ ಆದಾಯಕ್ಕೂ ಸಾಲದು. ತಡವಾದದ್ದು ಹದಿನೆಂಟು ತಿಂಗಳು.

ಲೈನು

ಲೊಯಾಂಗಲಾನಿಯಿಂದ ನೈರೋಬಿ ಹತ್ತಿರದ ಸುಸ್ವಾಗೆ ಸುಮಾರು 430 ಕಿ.ಮೀ., 400 ಕೆ.ವಿ. ಲೈನು. ಹೊಣೆ ಸರ್ಕಾರಿ ಸಂಸ್ಥೆಯಾದ ಕೆಟ್ರಾಕೊದ್ದು. ಹಣ ಕೆನ್ಯಾ ಸರ್ಕಾರದ್ದು ಮತ್ತು ಸ್ಪೇನ್ ಸರ್ಕಾರದ ಸಾಲದ್ದು. ಸಾಲ ಸ್ಪೇನಿನದ್ದಾದ್ದರಿಂದ ಗುತ್ತಿಗೆಯೂ ಸ್ಪೇನಿನ ಕಂಪನಿಗೇ ಹೋಯಿತು, ಐಸೊಲಕ್ಸ್ ಕೊರ್ಸಾನ್ ಎಂಬ ಕಂಪನಿಗೆ. ಇಡೀ ಉದ್ದಕ್ಕೆ ಒಬ್ಬನೇ ಗುತ್ತಿಗೆದಾರ.

ತಡಕ್ಕೆ ಎರಡು ಕಾರಣ ಒಂದರ ಮೇಲೊಂದು ಬಂದವು. ಮೊದಲನೆಯದು ಲೈನು ಹಾದುಹೋಗುವ ಜಾಗದ ಹಕ್ಕು. 430 ಕಿ.ಮೀ. ಉದ್ದಕ್ಕೂ ಜಮೀನಿನವರಿಗೆ ಪರಿಹಾರ ಕೊಡಬೇಕು. ಸರ್ಕಾರದಿಂದ ಆ ಹಣ ಸಕಾಲಕ್ಕೆ ಬಿಡುಗಡೆಯಾಗಲಿಲ್ಲ. ಲೈನು ಕೆಲಸ ಮಾಡಿದವರಿಗೆ ಗೊತ್ತು, ಸಾವಿರ ಟವರುಗಳಲ್ಲಿ ಒಂಬೈನೂರು ನಿಂತರೂ ನಡುವೆ ಹತ್ತು ಜಾಗ ಸಿಗದಿದ್ದರೆ ತಂತಿ ಎಳೆಯಲಾಗದು. ಗುತ್ತಿಗೆದಾರನ ತಂಡ, ಯಂತ್ರ ಎಲ್ಲ ಖಾಲಿ ಕುಳಿತು ಅವನ ಹಣದ ಹರಿವು ಬತ್ತುತ್ತದೆ. ಎರಡನೆಯದು ಗುತ್ತಿಗೆದಾರನೇ ಮುಳುಗಿದ್ದು. 2017ರ ಜುಲೈನಲ್ಲಿ ಐಸೊಲಕ್ಸ್ ಸ್ಪೇನಿನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕೆನ್ಯಾ ಒಪ್ಪಂದ ರದ್ದು ಮಾಡಿ ಉಳಿದ ಕೆಲಸವನ್ನು ಚೀನಾದ ಕಂಪನಿಗಳ ಜೋಡಿಗೆ ಕೊಟ್ಟಿತು. ಅವರು 2018ರಲ್ಲಿ ಕೆಲವೇ ತಿಂಗಳಲ್ಲಿ ಮುಗಿಸಿದರು. ಸೆಪ್ಟೆಂಬರ್‌ನಲ್ಲಿ ಲೈನಿಗೆ ಕರೆಂಟು ಹರಿಯಿತು. ಅಧ್ಯಕ್ಷ ಉಹುರು ಕೆನ್ಯಾಟಾ ಸ್ಥಾವರವನ್ನು ಉದ್ಘಾಟಿಸಿದ್ದು 2019ರ ಜುಲೈನಲ್ಲಿ.

ಒಂದು ದೇಶಕ್ಕೆ ಕಟ್ಟುಬಿದ್ದ ಸಾಲದ ಮೂಲ ದೋಷ ಇಲ್ಲಿ ಕಾಣುತ್ತದೆ. ಸಾಮಾನ್ಯ ಟೆಂಡರಿನಲ್ಲಿ ಗುತ್ತಿಗೆದಾರನ ಬ್ಯಾಲೆನ್ಸ್ ಶೀಟು ನೋಡಿ, ಹತ್ತು ಜನರ ಜತೆ ಹೋಲಿಸಿ ಆರಿಸುತ್ತಾರೆ. ಕಟ್ಟುಬಿದ್ದ ಸಾಲದಲ್ಲಿ ಆಯ್ಕೆ ಒಂದು ದೇಶದ ನಾಲ್ಕಾರು ಕಂಪನಿಗಳಿಗೆ ಇಳಿಯುತ್ತದೆ. ಆ ದೇಶದ ನಿರ್ಮಾಣ ಉದ್ಯಮವೇ ಸಂಕಟದಲ್ಲಿದ್ದರೆ ಸಂಕಟವೂ ಸಾಲದ ಜತೆಯೇ ಆಮದಾಗುತ್ತದೆ.

ಹುಟ್ಟದ ಕರೆಂಟಿನ ಬಿಲ್

ಖರೀದಿ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಸ್ಥಾವರ ಸಿದ್ಧವಾಗಿದ್ದು ಲೈನು ಸಿದ್ಧವಿಲ್ಲದಿದ್ದರೆ, ಬೀಸಿದ ಗಾಳಿಗೆ ಎಷ್ಟು ಯೂನಿಟ್ ಹುಟ್ಟಬಹುದಿತ್ತೋ ಅಷ್ಟನ್ನು ಹುಟ್ಟಿದಂತೆಯೇ ಎಣಿಸಿ ಹಣ ಕೊಡಬೇಕು. ಲೆಕ್ಕ ಹಾಕುವ ಕ್ರಮ ಸರಳ. ಯಂತ್ರದ ಮೇಲಿನ ಅಥವಾ ಅಳತೆ ಕಂಬದ ಗಾಳಿಮಾಪಕ ಹತ್ತು ಹತ್ತು ನಿಮಿಷದ ಸರಾಸರಿ ವೇಗ ಬರೆದಿಡುತ್ತದೆ. ಯಾವ ವೇಗದ ಗಾಳಿಗೆ ಯಂತ್ರ ಎಷ್ಟು ಕರೆಂಟು ಕೊಡುತ್ತದೆ ಎಂದು ತೋರಿಸುವ ಪವರ್ ಕರ್ವ್‌ಗೆ ಅದನ್ನು ಹಚ್ಚಿ ಯೂನಿಟ್ ಕಂಡುಹಿಡಿದು, ಅಂದು ಕೆಟ್ಟು ನಿಂತಿರಬಹುದಾದ ಯಂತ್ರಗಳ ಪಾಲು ಮತ್ತು ಒಳಗಿನ ನಷ್ಟ ಕಳೆಯುತ್ತಾರೆ. ಗಾಳಿ ಜೋರಿರುವ ಜಾಗದಲ್ಲಿ ಈ ಬಿಲ್ಲೂ ಜೋರಾಗಿ ಏರುತ್ತದೆ. ತುರ್ಕಾನಾದ ಹೆಗ್ಗಳಿಕೆಯೇ ಕೆನ್ಯಾಕ್ಕೆ ಇಲ್ಲಿ ಮುಳ್ಳಾಯಿತು.

2017ರಲ್ಲಿ ರಾಜಿಯಾಯಿತು. ತಡಕ್ಕೆ ತೆರಬೇಕಾದ ಮೊತ್ತ ಸುಮಾರು 12.7 ಕೋಟಿ ಯೂರೊ. ಅದರಲ್ಲಿ 4.6 ಕೋಟಿ ಯೂರೊ, ಅಂದರೆ ಸುಮಾರು 570 ಕೋಟಿ ಕೆನ್ಯಾ ಶಿಲ್ಲಿಂಗ್, ಸರ್ಕಾರ ನೇರವಾಗಿ ಕೊಟ್ಟಿತು. ಉಳಿದದ್ದನ್ನು ಯೂನಿಟ್ ದರಕ್ಕೆ ಸೇರಿಸಿ ಆರು ವರ್ಷ ವಸೂಲು ಮಾಡುವುದೆಂದಾಯಿತು. ಒಟ್ಟು ಮೊತ್ತ ಸ್ಥಾವರದ ಒಂದು ಪೂರ್ಣ ವರ್ಷದ ಆದಾಯಕ್ಕೆ ಸರಿಸಮ.

ಸಾಲ ಕೊಟ್ಟವರ ಕಡೆಯಿಂದ ನೋಡಿದರೆ ಎಲ್ಲವೂ ಬರೆದಂತೆಯೇ ನಡೆಯಿತು. ಕಂಪನಿಗೆ ಆದಾಯದ ಬದಲಿ ಸಿಕ್ಕಿತು, ಯಂತ್ರ ಮಾರಿದವರಿಗೆ ಹಣ ಸಂದಿತ್ತು. ಷರತ್ತನ್ನು ಬರೆದ ವಕೀಲರು ತಮ್ಮ ಕಕ್ಷಿದಾರರಿಗೆ ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಆದರೆ ಒಪ್ಪಂದದ ಇನ್ನೊಂದು ತುದಿಯಲ್ಲಿ ಕುಳಿತವರಿಗೆ ಅಷ್ಟೇ ಗಟ್ಟಿ ಸಲಹೆ ಸಿಗಲಿಲ್ಲ ಎಂಬುದು ನಮಗೆ ನೋವಿನ ಸಂಗತಿ. ಕೆನ್ಯಾ ಪವರ್‌ಗೆ ಲೈನಿನ ಮೇಲೆ ಹಿಡಿತವೇ ಇರಲಿಲ್ಲ, ಅದು ಕೆಟ್ರಾಕೊ ಕೈಯಲ್ಲಿತ್ತು. ತನ್ನ ಕೈಯಲ್ಲಿಲ್ಲದ ಕೆಲಸದ ದಂಡಕ್ಕೆ ಅದು ಸಹಿ ಹಾಕಿತು.

ಇಂಥ ಒಪ್ಪಂದ ಬರೆಯುವವರು ಮಾಡಬಹುದಾದ ಕೆಲಸಗಳು ಹಲವಿವೆ. ಎಲ್ಲ ಯಂತ್ರಗಳಿಗೂ ಒಮ್ಮೆಗೇ ಕೆಲಸದ ಆದೇಶ ಕೊಡದೆ ಹಂತ ಮಾಡಬಹುದು. ಉದಾಹರಣೆಗೆ, ಲೈನಿನ ಜಾಗದ ಹಕ್ಕು ಶೇ. 90 ಕೈಗೆ ಬಂದು, ಟವರಿನ ಪಾಯ ಅರ್ಧ ಮುಗಿಯುವವರೆಗೆ ಎರಡನೇ ಕಂತಿನ ಯಂತ್ರಗಳು ಹಡಗು ಹತ್ತಬಾರದು ಎಂದು ಬರೆಯಬಹುದು. ಯಂತ್ರ ನಿಲ್ಲಿಸಲು ತಿಂಗಳುಗಳು ಸಾಕು, ಲೈನಿಗೆ ವರ್ಷಗಳು ಬೇಕು. ಎರಡೂ ಒಂದೇ ದಿನ ಶುರುವಾದರೆ ಒಂದು ಕಾಯಲೇಬೇಕು. ಹುಟ್ಟದ ಕರೆಂಟಿನ ಹಣಕ್ಕೂ ಮೆಟ್ಟಿಲಿಡಬಹುದು. ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ಸಾಲದ ಕಂತು ಮತ್ತು ನಿರ್ವಹಣೆಯ ಖರ್ಚಿನಷ್ಟು ಮಾತ್ರ, ಷೇರುದಾರರ ಲಾಭ ಕೊನೆಗೆ. ಉದ್ದದ ಲೈನನ್ನು ಮೂರು ನಾಲ್ಕು ತುಂಡು ಮಾಡಿ ಬೇರೆ ಬೇರೆಯವರಿಗೆ ಕೊಡಬಹುದು. ಗುತ್ತಿಗೆದಾರ ಮುಳುಗಿದರೆ ಹೊಸ ಟೆಂಡರಿಲ್ಲದೆ ಇನ್ನೊಬ್ಬ ಒಳಬರುವ ಹಕ್ಕನ್ನು ಮೊದಲೇ ಬರೆದಿಡಬಹುದು. ಎಲ್ಲಕ್ಕಿಂತ ಒಳ್ಳೆಯದು, ರಸ್ತೆಯನ್ನು ಒಳಗೆ ತಂದಂತೆ ಲೈನನ್ನೂ ಅದೇ ಹಣಕಾಸಿನ ಒಳಗೆ ತರುವುದು. ಆಗ ಲೈನು ತಡವಾದರೆ ಸಾಲ ಕೊಟ್ಟವರಿಗೇ ನಿದ್ದೆ ಬರುವುದಿಲ್ಲ.

ಲೈನು ಬಂದ ಮೇಲೆ

ದರ ಯೂರೊದಲ್ಲಿದೆ, ಬಿಲ್ ಕಟ್ಟುವುದು ಶಿಲ್ಲಿಂಗಿನಲ್ಲಿ. ಸಾಲಕ್ಕೆ ಸಹಿ ಬಿದ್ದ 2014ರಲ್ಲಿ ಯೂರೊಗೆ 120 ಶಿಲ್ಲಿಂಗ್ ಆಸುಪಾಸು ಇತ್ತು, ಯೂನಿಟ್ ಸುಮಾರು 9 ಶಿಲ್ಲಿಂಗಿಗೆ ಬಿತ್ತು. 2024ರ ಆರಂಭದಲ್ಲಿ ಯೂರೊ 170 ದಾಟಿದಾಗ ಅದೇ ಯೂನಿಟ್ಟಿಗೆ 12.8 ಶಿಲ್ಲಿಂಗ್. ಗಾಳಿ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ. ವಿನಿಮಯ ದರದ ಈ ಏರಿಳಿತವನ್ನು ಕೆನ್ಯಾದ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿಯೇ ಗ್ರಾಹಕರಿಂದ ವಸೂಲು ಮಾಡುತ್ತಾರೆ.

ರಾತ್ರಿಯ ಸಮಸ್ಯೆಯೂ ಇದೆ. ಕೆನ್ಯಾದ ಸಂಜೆಯ ಗರಿಷ್ಠ ಬೇಡಿಕೆ 2018ರ ಸುಮಾರಿಗೆ 1,800 ಮೆಗಾವ್ಯಾಟ್, ನಡುರಾತ್ರಿ ಅದು ಬಹಳ ಕುಸಿಯುತ್ತದೆ. ಓಲ್ಕಾರಿಯಾದ ಭೂಶಾಖ ಸ್ಥಾವರಗಳನ್ನು ಪದೇ ಪದೇ ತಗ್ಗಿಸಿ ಏರಿಸುವುದು ಸುಲಭವಲ್ಲ. ಆದ್ದರಿಂದ ಗಾಳಿ ಬೀಸುತ್ತಿದ್ದರೂ ತುರ್ಕಾನಾದ ಯಂತ್ರಗಳನ್ನು ತಗ್ಗಿಸುವ ರಾತ್ರಿಗಳು ಬಂದವು. ವಿಶ್ವಬ್ಯಾಂಕು ಹೇಳಿದ್ದು ಇದನ್ನೇ.

ಜಮೀನಿನ ಪ್ರಶ್ನೆ ಇನ್ನೂ ಆಳದ್ದು. ಯೋಜನೆಗೆ ಗುತ್ತಿಗೆ ಕೊಟ್ಟದ್ದು 1,50,000 ಎಕರೆ. ಇದು ರೆಂಡಿಲೆ, ಸಂಬುರು, ತುರ್ಕಾನಾ ಪಶುಪಾಲಕರು ದನ, ಒಂಟೆ ಮೇಯಿಸುತ್ತಿದ್ದ ಸಮುದಾಯದ ನೆಲ. ಅದರಲ್ಲಿ ಯಂತ್ರಗಳು ಹಿಡಿದಿರುವ ಜಾಗ ತೀರಾ ಸಣ್ಣದು. ಹಕ್ಕುಪತ್ರ ಕೊಟ್ಟ ಕ್ರಮ ಕಾನೂನುಬದ್ಧವಾಗಿರಲಿಲ್ಲ ಎಂದು ಮೇರುವಿನ ಪರಿಸರ ಮತ್ತು ಭೂ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟು, ಸರಿಪಡಿಸಲು ಒಂದು ವರ್ಷದ ಗಡುವು ವಿಧಿಸಿತು. ಯುರೋಪಿನ ಅಷ್ಟೊಂದು ಸಾಲ ಸಂಸ್ಥೆಗಳ ಪರಿಶೀಲನೆ ದಾಟಿ ಬಂದ ಕಾಗದ ಇದು. ಪರಿಶೀಲಕರು ಹಕ್ಕುಪತ್ರ ಇದೆಯೇ ಎಂದು ನೋಡಿದರೆ ಸಾಲದು. ಅದನ್ನು ಕೊಡುವ ಮುಂಚೆ ಕಾನೂನು ಹೇಳಿದ ಪ್ರಕಟಣೆ, ಜನರ ಸಭೆ, ಪರಿಹಾರ ಎಲ್ಲ ನಡೆದಿತ್ತೇ ಎಂದು ಹೋಗಿ ಕೇಳಬೇಕು.

ನಮ್ಮ ಕಡೆಯವರಿಗೆ

ಬೆಂಗಳೂರಿನಿಂದ ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್, ಮೀಟರ್, ಸೌರ ಪಂಪು ಆಫ್ರಿಕಕ್ಕೆ ಮಾರಲು ಹೊರಟವರು ಎರಡು ಬಾಗಿಲು ತಟ್ಟುತ್ತಾರೆ: ಹಣ ಬಾರದಿದ್ದರೆ ವಿಮೆಗೆ ಇಸಿಜಿಸಿ, ಕೊಳ್ಳುವ ದೇಶಕ್ಕೇ ಸಾಲ ಕೊಡಿಸಲು ಎಕ್ಸಿಂ ಬ್ಯಾಂಕು. ಭಾರತ ಸರ್ಕಾರದ ಬೆಂಬಲದ ಎಕ್ಸಿಂ ಸಾಲದಲ್ಲಿ ಸಾಮಾನ್ಯವಾಗಿ ಶೇ. 75ರಷ್ಟು ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕು. ಸ್ಪೇನಿನ ಸಾಲದ ಸ್ವಭಾವವೂ ಇಂಥದ್ದೇ. ಹಾಗಾಗಿ ಕಡಿಮೆ ಸಾಮರ್ಥ್ಯದ ಗುತ್ತಿಗೆದಾರ ಒಳಗೆ ನುಸುಳುವ ಅಪಾಯ ನಮ್ಮ ಸಾಲಕ್ಕೂ ಇದೆ. ಸರಕು ಮಾರುವವರು ಸಹಿ ಹಾಕುವ ಮುಂಚೆ ಕೇಳಬೇಕಾದ್ದು: ನಮ್ಮ ಟ್ರಾನ್ಸ್‌ಫಾರ್ಮರ್ ನಿಲ್ಲುವ ಸಬ್‌ಸ್ಟೇಷನ್ನಿಗೆ ಲೈನು ತರುವವರು ಯಾರು, ಅವರ ಹಣ ಎಲ್ಲಿಂದ, ನಮ್ಮ ಕೊನೆಯ ಶೇ. 10 ಹಣ ಪರೀಕ್ಷೆಯ ನಂತರ ಬರುವುದಾದರೆ ಲೈನಿಲ್ಲದೆ ಪರೀಕ್ಷೆ ಮಾಡುವುದು ಹೇಗೆ. ಸರಕು ಮುಟ್ಟಿ ಇಷ್ಟು ದಿನಗಳಲ್ಲಿ ನಮ್ಮ ತಪ್ಪಿಲ್ಲದೆ ಪರೀಕ್ಷೆ ನಡೆಯದಿದ್ದರೆ ಪರೀಕ್ಷೆ ಮುಗಿದಂತೆಯೇ ಎಂಬ ಸಾಲು ಒಪ್ಪಂದದಲ್ಲಿರಬೇಕು. ವಾರಂಟಿ ಯಾವ ದಿನದಿಂದ ಶುರು ಎಂಬುದೂ ಅಲ್ಲೇ ತೀರ್ಮಾನವಾಗಬೇಕು. ವರ್ಷಗಟ್ಟಲೆ ಕರೆಂಟಿಲ್ಲದೆ ನಿಂತ ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ ತೇವ ಸೇರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಬದಲಿಸುವುದು, ಎಣ್ಣೆ ಪರೀಕ್ಷಿಸುವುದು ಯಾರ ಖರ್ಚು ಎಂಬುದು ಆಮೇಲೆ ಜಗಳವಾಗುತ್ತದೆ.

2023ರ ಆಗಸ್ಟ್ 25ರ ರಾತ್ರಿ ಕೆನ್ಯಾದ ಬಹುಭಾಗ ಕತ್ತಲಾಯಿತು. ತುರ್ಕಾನಾದಿಂದ ಬರುತ್ತಿದ್ದ 270 ಮೆಗಾವ್ಯಾಟ್ ತಪ್ಪಿದ್ದೇ ಮೂಲ ಎಂದು ಮೊದಲು ಹೇಳಲಾಯಿತು. ಗ್ರಿಡ್ಡಿನಲ್ಲಿ ವೋಲ್ಟೇಜ್ ಏರಿದ್ದರಿಂದ ಸ್ಥಾವರ ತನ್ನನ್ನು ಕಾಪಾಡಿಕೊಳ್ಳಲು ಕಳಚಿಕೊಂಡಿತು ಎಂದು ಕಂಪನಿ ಉತ್ತರಿಸಿತು. ಉದ್ದದ 400 ಕೆ.ವಿ. ಲೈನಿನಲ್ಲಿ ಹೊರೆ ಕಡಿಮೆಯಾದರೆ ವೋಲ್ಟೇಜ್ ತಾನಾಗಿ ಏರುತ್ತದೆ. ಅದನ್ನು ಹಿಡಿದಿಡಲು ರಿಯಾಕ್ಟರ್ ಎಂಬ ತಂತಿಸುರುಳಿಯ ಸಾಧನ ಬೇಕು, ಗಾಳಿಯ ಮುನ್ಸೂಚನೆ ನೋಡಿ ಮೀಸಲು ವಿದ್ಯುತ್ ಇಟ್ಟುಕೊಳ್ಳುವ ತರಬೇತಾದ ಜನ ಗ್ರಿಡ್ಡನ್ನು ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಬೇಕು. ಖಾತರಿ ಸಾಲದ ಪಟ್ಟಿಯಲ್ಲಿ ಯಂತ್ರ, ಗೋಪುರ, ರೆಕ್ಕೆ ಎಲ್ಲ ಒಂದೊಂದಾಗಿ ಎಣಿಕೆಯಾಗುತ್ತವೆ. ನೈರೋಬಿಯ ಆ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವವರ ತರಬೇತಿಗೂ ಅದೇ ಪಟ್ಟಿಯಲ್ಲಿ ಒಂದು ಸಾಲು, ಒಂದು ಮೊತ್ತ ಇರಬೇಕು.